ತವರಿನಲ್ಲಿ ಬೆಳೆದ ಮಗು ಯಾರದು?

ಇಂಗಳೇಶ್ವರದ ಹಿರಿಯರೇ, ತಾಯಂದಿರೇ,

ಈ ಊರಿಗೆ ಬಂದು ತವರಿನ ಮಾತೆತ್ತದೆ ಹೋಗಲಾದೀತೆ? ಬಸವಣ್ಣನ ತಾಯಿ ಮಾದಲಾಂಬಿಕೆಯ ತವರೂರು ನಮ್ಮದು ಎಂಬ ಹೆಮ್ಮೆ ನಿಮ್ಮದು. ನಮ್ಮ ಕಡೆ ಎಷ್ಟೋ ಮಕ್ಕಳು ಬೆಳೆಯುವುದೂ ತಾಯಿಯ ತವರಿನಲ್ಲೇ. ಅಪ್ಪ ಅವ್ವ ಕಬ್ಬು ಕಡಿಯಲು, ಗೌಂಡಿ ಕೆಲಸಕ್ಕೆ ಗುಳೆ ಹೋಗುತ್ತಾರೆ. ಕೂಸು ಆಯಿಯ ಮಡಿಲಲ್ಲಿ, ಸೋದರಮಾವನ ಹೆಗಲ ಮೇಲೆ. ಹತ್ತು ವರ್ಷವಾದ ಮೇಲೆ ಜಗಳ ಹತ್ತುತ್ತದೆ: ‘ಸಾಕಿದವರು ನಾವು, ಮಗ ನಮ್ಮವ.’ ಕಟ್ಟೆಯ ಮೇಲೆ ಕೂತ ಯಾರೋ ಹೇಳುತ್ತಾರೆ: ‘ಕೋರ್ಟಿಗೆ ಹೋಗಿ ಹೆತ್ತವರ ಹಕ್ಕು ಕಡಿಸಿಬಿಡ್ರಿ.’

ಕಡಿಸುವುದು ಅಷ್ಟು ಸಲೀಸಲ್ಲ. ಅಮೆರಿಕದಲ್ಲಿ ಹೆತ್ತವರ ಹಕ್ಕನ್ನೇ ಪೂರ್ತಿ ರದ್ದುಪಡಿಸುವ ಮೊಕದ್ದಮೆಗಳಿವೆ. ನಮ್ಮಲ್ಲಿ 1890ರ ಗಾರ್ಡಿಯನ್ಸ್ ಆ್ಯಂಡ್ ವಾರ್ಡ್ಸ್ ಕಾಯ್ದೆಯಡಿ ಮಗು ಯಾರ ಬಳಿ ಇರಬೇಕು, ಯಾರು ಬಂದು ನೋಡಿಕೊಂಡು ಹೋಗಬಹುದು ಎಂಬುದನ್ನು ಕೋರ್ಟು ತೀರ್ಮಾನಿಸುತ್ತದೆ. ಅಪ್ಪ ಮಾತ್ರ ಅಪ್ಪನಾಗಿಯೇ ಉಳಿಯುತ್ತಾನೆ.

2019ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಪ್ರಕರಣ ನಮ್ಮ ಮನೆಯದೇ ಅನ್ನಿಸುವಂಥದು. ಬಾಣಂತಿಗೆ ಕ್ಯಾನ್ಸರ್, ಅದೇ ಹೊತ್ತಿಗೆ ಗಂಡನೂ ಆಸ್ಪತ್ರೆ ಸೇರಿದ. ಕೂಸನ್ನು ತವರಿನವರು ನೋಡಿಕೊಂಡರು. ತಾಯಿ ತೀರಿಕೊಂಡಳು. ತಂದೆ ಚೇತರಿಸಿಕೊಂಡು ಬಂದು ಕೇಳಿದಾಗ ಅವರು ಕೊಡಲಿಲ್ಲ. ಕೋರ್ಟು ಮಗುವನ್ನು ತಂದೆಗೇ ಒಪ್ಪಿಸಿತು. ಸಾಕಿದವರಿಗೆ ಭೇಟಿಯ ಅವಕಾಶ ಉಳಿಸಿತು. ನನಗೆ ಇದು ಸರಿಯಾದ ತೀರ್ಪೇ ಅನ್ನಿಸುತ್ತದೆ, ಆದರೆ ಸಾಕಿದವರ ಬರಿದಾದ ಮಡಿಲು ನೆನೆದರೆ ಗಂಟಲು ಕಟ್ಟುತ್ತದೆ.

2022ರ ಇನ್ನೊಂದು ತೀರ್ಪು. ಕೊರೊನಾದಲ್ಲಿ ಅಪ್ಪ ಅವ್ವ ಇಬ್ಬರನ್ನೂ ಕಳೆದುಕೊಂಡ ಬಾಲಕನನ್ನು ಗುಜರಾತ್ ಹೈಕೋರ್ಟ್ ತಾಯಿಯ ಸೋದರಿಗೆ ಒಪ್ಪಿಸಿತ್ತು: ಅವಳಿಗೆ ವಯಸ್ಸು ಕಡಿಮೆ, ಸರ್ಕಾರಿ ನೌಕರಿ ಇದೆ ಎಂದು. ಅಜ್ಜ ಅಜ್ಜಿಗೆ ವಯಸ್ಸಾಯಿತು ಎಂಬುದೊಂದೇ ಕಾರಣವಾಗದು ಎಂದ ಸುಪ್ರೀಂ ಕೋರ್ಟು ಮೊಮ್ಮಗನನ್ನು ತಂದೆಯ ತಂದೆತಾಯಿಗೆ ಕೊಟ್ಟಿತು.

ಹಾಗಾದರೆ ಕರುಳಬಳ್ಳಿ ನಿಜಕ್ಕೂ ಕಡಿಯುವುದೆಲ್ಲಿ? ದತ್ತಕದಲ್ಲಿ. 1956ರ ಹಿಂದೂ ದತ್ತಕ ಕಾಯ್ದೆ ವೀರಶೈವ, ಲಿಂಗಾಯತರನ್ನು ಹೆಸರಿಟ್ಟೇ ಸೇರಿಸಿಕೊಂಡಿದೆ. ಕೊಡುವ ದಿನದಿಂದ ಮಗುವಿನ ಹುಟ್ಟಿದ ಮನೆಯ ನಂಟು ಕಳಚುತ್ತದೆ, ಕ್ರಮವಾಗಿ ಆದ ದತ್ತಕವನ್ನು ಆಮೇಲೆ ಯಾರೂ ರದ್ದು ಮಾಡುವಂತಿಲ್ಲ. ಕೊಡಬೇಕೆಂಬ ಮನಸ್ಸಿನಿಂದ ಎತ್ತಿ ಕೊಟ್ಟು, ತೆಗೆದುಕೊಂಡಿರಬೇಕು. ತಂದೆ ತಾಯಿ ಇಬ್ಬರೂ ಒಪ್ಪಿರಬೇಕು. ಪೂರ್ತಿ ಸಂಸಾರ ಬಿಟ್ಟವರ ಒಪ್ಪಿಗೆ ಬೇಡ ಎಂದೂ ಇದೆ, ಮಠಗಳ ನಾಡಿನಲ್ಲಿ ಇದು ನೆನಪಿಡುವ ಮಾತು! ಆಯಿಯ ಮನೆಯಲ್ಲಿ ಬಿಟ್ಟು ಗುಳೆ ಹೋದದ್ದು ದತ್ತಕವಲ್ಲ. ಬಾಂಡ್ ಮೇಲೆ ‘ಸಾಕಲು ಕೊಟ್ಟಿದ್ದೇವೆ’ ಎಂದು ಬರೆಸಿದರೂ ಅಲ್ಲ.

ಇನ್ನೊಂದು ದಾರಿ, ಸಾಕಲಾಗದ ತಾಯಿ ಮಗುವನ್ನು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಒಪ್ಪಿಸುವುದು. ಅಧ್ಯಕ್ಷರು, ನಾಲ್ವರು ಸದಸ್ಯರು ಇರುವ ಸಮಿತಿ. 2015ರ ಬಾಲನ್ಯಾಯ ಕಾಯ್ದೆ ಆ ತಾಯಿಗೆ ಮನಸ್ಸು ಬದಲಿಸಲು ಎರಡು ತಿಂಗಳು ಕೊಡುತ್ತದೆ. ಹಸುಗೂಸನ್ನು ಗುಡಿಯ ಕಟ್ಟೆಯಲ್ಲಿ ಬಿಟ್ಟು ಓಡುವವಳಿಗೆ ಈ ದಾರಿಯನ್ನು ಯಾರೂ ಹೇಳಿರುವುದಿಲ್ಲ, ಅಷ್ಟೆ.

ಕೊನೆಗೆ, ಮಗುವಿನ ಮಾತು. ತಿಳಿವಳಿಕೆ ಬಂದ ಮಗುವಿನ ಇಚ್ಛೆಯನ್ನು ಕೋರ್ಟು ಪರಿಗಣಿಸಬಹುದು ಎಂದು 1890ರ ಕಾಯ್ದೆಯಲ್ಲೇ ಇದೆ. ನ್ಯಾಯಾಧೀಶರು ತಮ್ಮ ಕೋಣೆಗೆ ಕರೆದು, ವಕೀಲರನ್ನೆಲ್ಲ ಹೊರಗಿಟ್ಟು ಕೇಳುವುದುಂಟು. ಮಗುವಿನ ಇಚ್ಛೆಗೂ ಬೆಲೆಯಿದೆ ಎಂಬುದು ನಿಮಗೆ ಹೊಸದಲ್ಲ: ಜನಿವಾರ ಬೇಡವೆಂದು ಹೆತ್ತವರ ಮನೆ ಬಿಟ್ಟು ಕೂಡಲಸಂಗಮಕ್ಕೆ ನಡೆದ ಹುಡುಗ ಬಸವಣ್ಣನ ಕಥೆ ಕೇಳುತ್ತ ಬೆಳೆದವರು ನೀವು.