ತಾರಸಿಯ ಕಾಂಕ್ರೀಟಿಗೆ ಇನ್ನೊಂದು ಕೊಡ ನೀರು ಬೇಕೇ?



ಸುಗ್ಗಿ ಮುಗಿದ ಮೇಲೆ ನಿಮ್ಮಲ್ಲಿ ಹಲವರು ತಾರಸಿ ಹಾಕಿಸುತ್ತೀರಿ. ಕಲಸಿದ ಕಾಂಕ್ರೀಟು ಬಿಗಿಯಾಗಿ ಕಂಡರೆ "ಇನ್ನೊಂದು ಕೊಡ ನೀರು ಹುಯ್ಯಿರಿ" ಎಂಬ ಕೂಗು ಏಳುತ್ತದೆ. ಆ ಒಂದು ಕೊಡದ ವಿಚಾರವನ್ನೇ ಇಂದು ಹೇಳಬೇಕೆಂದಿದ್ದೇನೆ.

ನೀರು ಇಳಿಜಾರು ಕಂಡರೆ ತಾನೇ ಓಡುತ್ತದೆ. ಗೋಡೆಗೆಂದು ತುಳಿದ ಮಣ್ಣು ಹಾಗಲ್ಲ. ಗುಡ್ಡೆ ಹಾಕಿದರೆ ನಿಲ್ಲುತ್ತದೆ, ಸಾಕಷ್ಟು ಒತ್ತಿದರೆ ಮಾತ್ರ ಜರುಗುತ್ತದೆ. ಹಸಿ ಕಾಂಕ್ರೀಟಿನ ಗುಣವೂ ಇದೇ. ಜರುಗಿಸಲು ಬೇಕಾದ ಕನಿಷ್ಠ ಒತ್ತಡ ಒಂದು ಅಳತೆ. ಜರುಗತೊಡಗಿದ ಮೇಲೆ ಅದು ತೋರುವ ಜಿಗುಟು ಇನ್ನೊಂದು. ಅಮೆರಿಕದ ರಸಾಯನಶಾಸ್ತ್ರಜ್ಞ ಬಿಂಗ್‌ಹ್ಯಾಮರು 1916ರಲ್ಲಿ ಜೇಡಿಮಣ್ಣಿನ ರಾಡಿಯನ್ನು ಪರೀಕ್ಷಿಸಿ ಈ ನಿಯಮವನ್ನು ಹೇಳಿದರು.

ಈ ಲೆಕ್ಕವನ್ನು ಈಗ ಕಂಪ್ಯೂಟರಿಗೆ ಒಪ್ಪಿಸುತ್ತಾರೆ. ಅಚ್ಚಿನ ಆಕಾರ, ಕಂಬಿಗಳ ನಡುವಣ ಸಂದು, ಜಲ್ಲಿಯ ಗಾತ್ರ ಇವನ್ನೆಲ್ಲ ಅಂಕಿಗಳಲ್ಲಿ ಕೊಟ್ಟರೆ, ಒಂದು ಬಾಂಡ್ಲಿ ಸಿಮೆಂಟನ್ನೂ ಕಲಸುವ ಮೊದಲೇ, ಕಾಂಕ್ರೀಟು ಎಲ್ಲಿಯವರೆಗೆ ಮುಟ್ಟೀತು, ಜಲ್ಲಿ ಎಲ್ಲಿ ಸಿಕ್ಕಿಕೊಂಡು ಪೊಳ್ಳು ಉಳಿದೀತು ಎಂಬುದನ್ನು ಅದು ಚಿತ್ರವಾಗಿ ತೋರಿಸುತ್ತದೆ. ಒಂದೊಂದು ಕಲ್ಲಿನ ಜಾಡನ್ನೂ ಬಿಡಿಯಾಗಿ ಹಿಡಿಯುವ ವಿಧಾನವೂ ಉಂಟು. ಅದು ಬಹಳ ಹೊತ್ತಿನ ಕೆಲಸ. ಇಷ್ಟಾದರೂ ಎಣಿಕೆ ಸರಿಯೇ ಎಂದು ನೋಡಲು ಒಂದು ತಗಡಿನ ಅಚ್ಚನ್ನು ಬಳಸುವುದುಂಟು! ಅದರ ಎತ್ತರ 30 ಸೆಂಟಿಮೀಟರು, ಬುಡದ ಅಗಲ 20, ಬಾಯಿಯ ಅಗಲ 10. ಪದರ ಪದರವಾಗಿ ತುಂಬಿ, ಪ್ರತಿ ಪದರವನ್ನೂ ಸಲಾಕೆಯಿಂದ 25 ಸಲ ತಿವಿದು, ಅಚ್ಚನ್ನು ನೇರವಾಗಿ ಮೇಲೆತ್ತಬೇಕು. ಗುಡ್ಡೆ ಎಷ್ಟು ಕುಸಿಯಿತೋ ಅಳೆಯಬೇಕು. ಹೆಚ್ಚು ಕುಸಿದರೆ, ಜರುಗಿಸಲು ಬೇಕಾದ ಒತ್ತಡ ಕಡಿಮೆಯೆಂದು ಅರ್ಥ.

ನೀರು ಸೇರಿಸಿದರೆ ಎರಡು ಅಳತೆಗಳೂ ಇಳಿಯುತ್ತವೆ, ಕೆಲಸ ಸಲೀಸು. ಆದರೆ ಪಾಕ ತೆಳುವಾಗಿ ಜಲ್ಲಿ ತಳಕ್ಕಿಳಿಯುತ್ತದೆ, ಸಿಮೆಂಟಿನ ಹಾಲು ಮೇಲೆ ತೇಲುತ್ತದೆ. ಹೆಚ್ಚಿನ ನೀರು ಆರಿದ ಜಾಗದಲ್ಲೆಲ್ಲ ಸಣ್ಣ ತೂತುಗಳು. ಅವುಗಳಿಂದ ಮಳೆನೀರು ಇಳಿದು ಕಂಬಿ ತುಕ್ಕು ಹಿಡಿಯುತ್ತದೆ. ಮೇಸ್ತ್ರಿಗಳ ಕಣ್ಣಂದಾಜನ್ನು ನಾನು ಹಳಿಯುವುದಿಲ್ಲ. ಆದರೆ ಮೈ ದಣಿದ ಹೊತ್ತಿನಲ್ಲಿ ಕಣ್ಣು ಕೈಗೆ ಒಪ್ಪುವುದನ್ನೇ ಹೇಳುತ್ತದೆ.

ಮಳೆ ಬೀಳುವ ತಾರಸಿಗೆ 50 ಕಿಲೋ ಸಿಮೆಂಟು ಮೂಟೆಯೊಂದಕ್ಕೆ, ಮರಳಿನ ತೇವವೂ ಸೇರಿ, 25 ಲೀಟರು ನೀರು ಮೀರದಿರಲಿ. ಬಿಗಿಯಾಯಿತೆಂದರೆ ನೀರಿನ ಬದಲು ವೈಬ್ರೇಟರು ಹಿಡಿಸಿರಿ. ಅದು ಅದುರಿಸುವಷ್ಟು ಹೊತ್ತು ಕಾಂಕ್ರೀಟು ತನ್ನ ಹಿಡಿತ ಸಡಿಲಿಸಿ ಕಂಬಿಗಳ ಸಂದಿಗೆ ಇಳಿಯುತ್ತದೆ, ನಿಂತೊಡನೆ ಮತ್ತೆ ಬಿಗಿಯುತ್ತದೆ. ಇದರ ಬಾಡಿಗೆ ಯಾರದೆಂಬುದನ್ನು ಮುಂಗಡ ಕೊಡುವ ಮೊದಲೇ ಮೇಸ್ತ್ರಿಗಳೊಡನೆ ಮಾತಾಡಿಕೊಳ್ಳಿ. ಕಾಂಕ್ರೀಟು ಹಾಕುವ ದಿನ ನೀರಿನ ತೊಟ್ಟಿಯ ಬಳಿ ಕೊಡದ ಬದಲು ಲೀಟರಿನ ಗೀಟು ಹಾಕಿದ ಬಕೀಟನ್ನಿಟ್ಟು, ಮನೆಯವರೊಬ್ಬರು ಅಲ್ಲೇ ನಿಂತಿರಿ.