ಹಾರ್ಡ್‌ವೇರ್ ಅಂಗಡಿಯಿಂದ ಬೆಡ್‌ರೂಮಿಗೆ: ಯಾವುದು ಸರಿ, ಯಾವುದು ಬೇಡವೇ ಬೇಡ

ಇವತ್ತಿನ ಸಂಚಿಕೆ 18 ವರ್ಷ ದಾಟಿದವರಿಗೆ ಮಾತ್ರ. ಬಸ್ಸಲ್ಲಿ ಕೂತಿದ್ರೆ ಇಯರ್‌ಫೋನ್ ಹಾಕ್ಕೊಂಡು ಕೇಳಿ.

ಒಳ್ಳೆ ಸೆಕ್ಸ್ ಟಾಯ್ ತಗೋಬೇಕು ಅಂದ್ರೆ ಸಾವಿರಾರು ರೂಪಾಯಿ ಬೇಕು. ಪಾರ್ಸೆಲ್ ಪಿಜಿ ಓನರ್ ಕೈಗೋ ಅಮ್ಮನ ಕೈಗೋ ಸಿಕ್ಕಿದ್ರೆ ಅನ್ನೋ ಭಯ ಬೇರೆ. ಅದಕ್ಕೇ ಹಾರ್ಡ್‌ವೇರ್ ಅಂಗಡೀಲಿ ಏನಾದ್ರೂ ತಂದು ನಾವೇ ಮಾಡ್ಕೊಳ್ಳೋಣ ಅನ್ಸುತ್ತೆ. ಹಾಗೆ ಅನ್ಸೋದ್ರಲ್ಲಿ ತಪ್ಪೇನಿಲ್ಲ. ಆದ್ರೆ ಒಂದು ಗೆರೆ ಹಾಕ್ಕೊಳ್ಳಿ. ಮೈ ಮೇಲೆ ಬಳಸೋದು ಬೇರೆ, ಮೈ ಒಳಗೆ ಹೋಗೋದು ಬೇರೆ.

ಮೊದಲು ಮೈ ಮೇಲಿನದ್ದು. ಕೈ ಕಟ್ಟೋ ಆಟ ಇಬ್ಬರಿಗೂ ಇಷ್ಟ ಇದ್ರೆ ಮೆತ್ತನೆಯ ಹತ್ತಿ ಹಗ್ಗ ಅಥವಾ ಅಗಲವಾದ ವೆಲ್ಕ್ರೋ ಪಟ್ಟಿ ಸಾಕು. ಸಣ್ಣ ನೈಲಾನ್ ದಾರ, ಕೇಬಲ್ ಟೈ ಬೇಡ, ಚರ್ಮ ಕೊಯ್ಯುತ್ತೆ. ಕಟ್ಟಿದ ಮೇಲೆ ಎರಡು ಬೆರಳು ತೂರುವಷ್ಟು ಜಾಗ ಇರಲಿ. ಕತ್ತರಿ ಪಕ್ಕದಲ್ಲೇ ಇರಲಿ. ಕೈ ಜುಮ್ಮೆಂದ್ರೆ, ಮರಗಟ್ಟಿದ್ರೆ ಆ ಕ್ಷಣವೇ ಬಿಚ್ಚಿ. ಕುತ್ತಿಗೆಗೆ ಯಾವತ್ತೂ ಕಟ್ಟಬೇಡಿ. ಕಟ್ಟಿದವರನ್ನ ಒಂಟಿಯಾಗಿ ಬಿಟ್ಟು ಹೋಗಬೇಡಿ. ಒಬ್ಬರು ‘ಸಾಕು’ ಅಂದ್ರೆ ಅಲ್ಲಿಗೆ ಮುಗೀತು.

ಇನ್ನು ಉಂಗುರದ ವಿಷಯ. ನಟ್ಟು, ವಾಷರ್, ಪೈಪಿನ ತುಂಡು, ಇವನ್ನ ಶಿಶ್ನಕ್ಕೆ ಹಾಕ್ಕೊಳ್ಳೋರಿದ್ದಾರೆ. ರಕ್ತ ಒಳಗೆ ಬರುತ್ತೆ, ವಾಪಸ್ ಹೋಗಲ್ಲ. ಊದ್ಕೊಳ್ಳುತ್ತೆ, ಊದಿದ ಮೇಲೆ ಉಂಗುರ ಜಾರಲ್ಲ. ಆಮೇಲೆ ಆಸ್ಪತ್ರೇಲಿ ಕಟರ್ ತಂದು ಕತ್ತರಿಸಬೇಕು. ಇದಕ್ಕಂತಲೇ ಮಾಡಿದ ಎಳೆಯೋ ಉಂಗುರವನ್ನೂ 30 ನಿಮಿಷಕ್ಕಿಂತ ಹೆಚ್ಚು ಇಟ್ಕೋಬಾರದು.

ಈಗ ಮೈ ಒಳಗೆ ಹೋಗೋದು. ಇಲ್ಲಿ ಹಾರ್ಡ್‌ವೇರ್ ಅಂಗಡಿ ಬಾಗಿಲು ಮುಚ್ಚಿ. ಪಿವಿಸಿ ಪೈಪನ್ನ ಎಷ್ಟೇ ಉಜ್ಜಿದ್ರೂ ಕತ್ತರಿಸಿದ ಅಂಚು ಒಳಚರ್ಮಕ್ಕೆ ಚೂಪೇ. ಮರದಲ್ಲಿ ಸಿಬಿರು, ಬಾಟಲಿ ಒಡೆಯುತ್ತೆ. ಮೆತ್ತನೆ ಪ್ಲಾಸ್ಟಿಕ್ ಟ್ಯೂಬಿಗೆ ಮೆದುವಾಗಲಿ ಅಂತ ಥಾಲೇಟ್ ಅನ್ನೋ ರಾಸಾಯನಿಕ ಸೇರಿಸಿರಬಹುದು. ‘ಸಿಲಿಕೋನ್ ಸೀಲಂಟ್‌ನಿಂದ ಅಚ್ಚು ಹಾಕ್ಕೊಳ್ಳಿ’ ಅನ್ನೋ ಸಲಹೆ ನಂಬಬೇಡಿ. ಹೆಸರು ಸಿಲಿಕೋನ್ ಆದ್ರೂ ಅದು ಕಿಟಕಿ ಸಂದಿಗೆ ಮಾಡಿದ್ದು. ಹಲವು ಸೀಲಂಟ್‌ಗಳಲ್ಲಿ ಬರೋ ವಿನೆಗರ್ ವಾಸನೆ ಅಸಿಟಿಕ್ ಆಸಿಡ್‌ದು. ಬಾತ್‌ರೂಮಿಗೆ ಬಳಸೋದ್ರಲ್ಲಿ ಬೂಷ್ಟು ಹಿಡಿಯದಂತೆ ಔಷಧಿನೂ ಇರುತ್ತೆ. ಸೆಕ್ಸ್ ಟಾಯ್‌ಗಳ ಸುರಕ್ಷತೆಗೆ ಅಂತಲೇ 2021ರಲ್ಲಿ ಐಎಸ್‌ಒ 3533 ಅನ್ನೋ ಅಂತರರಾಷ್ಟ್ರೀಯ ಮಾನದಂಡ ಬಂದಿದೆ. ಪೈಪಿಗೆ ಆ ಪರೀಕ್ಷೆ ಯಾರೂ ಮಾಡಿರಲ್ಲ.

‘ಕಾಂಡೋಮ್ ಹಾಕಿದ್ರೆ ಆಯ್ತಲ್ಲ?’ ಅಂತೀರಾ. ಕಾಂಡೋಮ್ ಸೋಂಕು ಕಮ್ಮಿ ಮಾಡುತ್ತೆ, ಚೂಪು ಅಂಚನ್ನ ತಡೆಯಲ್ಲ. ಕೊಬ್ಬರಿ ಎಣ್ಣೆ, ವ್ಯಾಸಲೀನ್ ಹಚ್ಚಿದ್ರೆ ಲ್ಯಾಟೆಕ್ಸ್ ಬೇಗ ಹರಿಯುತ್ತೆ. ಮೆಡಿಕಲ್ ಶಾಪಲ್ಲಿ ನೀರಿನ ಬೇಸ್ ಇರೋ ಲೂಬ್ರಿಕಂಟ್ ಸಿಗುತ್ತೆ, ಅದನ್ನೇ ತಗೊಳ್ಳಿ.

ಗುದದ್ವಾರದ ಬಗ್ಗೆ ಒಂದು ಮಾತು. ಯೋನಿಗೆ ಒಳಗೆ ಒಂದು ಕೊನೆ ಇದೆ. ಗುದದ್ವಾರ ಹಾಗಲ್ಲ, ಅದು ನೇರ ಕರುಳಿಗೆ ಸೇರುತ್ತೆ. ಬುಡ ಅಗಲವಾಗಿ ಇಲ್ಲದ ವಸ್ತು ಪೂರ್ತಿ ಒಳಗೆ ಹೋಗ್ಬಿಡಬಹುದು.

ಹಾಗಾದ್ರೆ ಇಕ್ಕಳ ಹಾಕಿ ಎಳೀಬೇಡಿ, ಭೇದಿ ಮಾತ್ರೆ ನುಂಗಬೇಡಿ. ಎಮರ್ಜೆನ್ಸಿಗೆ ಹೋಗಿ. ಅಪಾಯ ಮಾಡೋದು ವಸ್ತು ಒಂದೇ ಅಲ್ಲ, ನಾಚಿಕೆನೂ. ಜನ ನಾಚಿಕೆಯಿಂದ ದಿನಗಟ್ಟಲೆ ತಡ ಮಾಡ್ತಾರೆ, ಅಷ್ಟರಲ್ಲಿ ಕರುಳು ತೂತಾದ್ರೆ ಜೀವಕ್ಕೇ ಕುತ್ತು. ಡಾಕ್ಟ್ರಿಗೆ ‘ಬಿದ್ದಾಗ ಹೋಯ್ತು’ ಅನ್ನೋ ಕಥೆ ಬೇಡ. ಏನು, ಎಷ್ಟುದ್ದ, ಎಷ್ಟೊತ್ತಾಯ್ತು, ಈ ಮೂರು ಹೇಳಿ. ಅವರಿಗೆ ಇದು ಹೊಸದಲ್ಲ.

ದುಡ್ಡಿಲ್ಲ ಅಂದ್ರೆ ಕಾಯಿರಿ, ಕೂಡಿಟ್ಟು ಒಂದು ಸಣ್ಣದು, ಒಳ್ಳೇದು ತಗೊಳ್ಳಿ. ಅಲ್ಲಿವರೆಗೆ ಸೋಪು ಹಾಕಿ ತೊಳೆದ, ಉಗುರು ಕತ್ತರಿಸಿದ ಕೈ ಸಾಕು. ಅದಕ್ಕೆ ಖರ್ಚಿಲ್ಲ.

ನಾಚಿಕೆ ಪಡೋ ಗೆಳೆಯರಿಗೆ ಇದನ್ನ ಶೇರ್ ಮಾಡಿ. ಮುಂದಿನ ಸಂಚಿಕೇಲಿ ಸಿಗೋಣ.