ಮೊದಲ ಹೊನ್ನಿನ ನಾಣ್ಯ



ಹನೂರಿನ ತರುಣ ಉಪಾಧ್ಯಾಯರೊಬ್ಬರು ಈಚೆಗೆ ನನ್ನನ್ನು ಕಾಣಲು ಬಂದರು. ಜೇಬಿನಿಂದ ಕಾಗದದ ಪೊಟ್ಟಣವೊಂದನ್ನು ತೆಗೆದು ಮೇಜಿನ ಮೇಲೆ ಬಿಚ್ಚಿದರು. ಒಳಗೆ ಹಳದಿಯ ಪುಟ್ಟ ಬಿಲ್ಲೆಯೊಂದಿತ್ತು. ಗುರುತಿಲ್ಲದ ಮನುಷ್ಯನೊಬ್ಬ ಅದನ್ನು ಅವರಿಗೆ ಕೊಟ್ಟಿದ್ದನಂತೆ. ಮನೆಯ ಪಾಯ ತೋಡುವಾಗ ಇಂಥವು ಒಂದು ಕುಡಿಕೆ ತುಂಬ ಸಿಕ್ಕಿವೆ, ಇದನ್ನು ಪರೀಕ್ಷೆ ಮಾಡಿಸಿ ನೋಡಿ, ಮನಸ್ಸಿಗೆ ಬಂದರೆ ಉಳಿದ ನೂರನ್ನೂ ಅರ್ಧ ಬೆಲೆಗೆ ಕೊಡುತ್ತೇನೆ ಎಂದನಂತೆ. ಅಕ್ಕಸಾಲಿ ಒರೆಗೆ ಹಚ್ಚಿ, ಚಿನ್ನವೇ ಸರಿ ಎಂದಿದ್ದ.

“ನಾಣ್ಯ ಕೂಡಿಡಬೇಕೆಂದು ನನಗೆ ಬಹಳ ದಿನದ ಆಸೆ ಸಾರ್. ತಂಗಿಯ ಮದುವೆಗೆಂದು ಕಟ್ಟಿಟ್ಟ ಹಣ ಮನೆಯಲ್ಲಿದೆ. ಕೊಂಡುಬಿಡಲೆ?” ಎಂದು ಕೇಳಿದರು.

ಬೇಡವೇ ಬೇಡ ಎಂದೆ. ತಾವೂ ಈ ಮಾತನ್ನು ನೆನಪಿನಲ್ಲಿಡಬೇಕು. ಪರೀಕ್ಷೆಗೆ ಕೊಟ್ಟ ಒಂದು ಬಿಲ್ಲೆ ಚಿನ್ನದ್ದಿರುತ್ತದೆ. ಹಣ ತೆತ್ತ ಮೇಲೆ ಕೈಗೆ ಬರುವ ಗಂಟು ಹಿತ್ತಾಳೆಯದು. ಕರ್ನಾಟಕದಲ್ಲಿ ಈ ಮೋಸ ಎಷ್ಟೋ ಸಲ ನಡೆದಿದೆ, ಪತ್ರಿಕೆಗಳಲ್ಲಿಯೂ ಬಂದಿದೆ. ಒಂದು ವೇಳೆ ನಿಧಿ ನಿಜವೇ ಆಗಿದ್ದರೂ ಅದನ್ನು ಗುಟ್ಟಾಗಿ ಮಾರುವಂತಿಲ್ಲ, ಕೊಳ್ಳುವಂತಿಲ್ಲ. ನೆಲದಲ್ಲಿ ಸಿಕ್ಕ ನಿಧಿಯ ಸಂಗತಿಯನ್ನು ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕೆಂಬುದು ಕಾನೂನು.

ಆದರೆ ಅವರ ಆಸೆ ಒಳ್ಳೆಯದೇ. ಹೊನ್ನಿನ ನಾಣ್ಯವನ್ನು ಕೂಡಿಡಬೇಕೆನ್ನುವ ಹೊಸಬರು ಎಲ್ಲಿಂದ ಮೊದಲು ಮಾಡಬೇಕು? ನನ್ನ ಉತ್ತರ ಇಷ್ಟೆ: ತಮಗೆ ಓದಲು ಬರುವ ನಾಣ್ಯವನ್ನೇ ಕೊಳ್ಳಿ. ಚಿನ್ನದ ತೂಕಕ್ಕೆ ಬೆಲೆ ಕಟ್ಟುವವರು ಬೀದಿಗೊಬ್ಬರು ಸಿಗುತ್ತಾರೆ. ನಾಣ್ಯದ ಮೇಲಿರುವುದೇನೆಂದು ತಿಳಿಯುವ ಕೆಲಸ ಮಾತ್ರ ಕೊಳ್ಳುವವರದೇ.

ಕೊಳ್ಳೇಗಾಲದ ಕಡೆಯವರಿಗೆ ಮೊದಲು ಆಸೆ ಹುಟ್ಟಿಸುವುದು ಹೊಯ್ಸಳರ ಹೊನ್ನು. ಕಾವೇರಿಯ ಆಚೆ ದಡದ ತಲಕಾಡನ್ನು ಸುಮಾರು 1116ರಲ್ಲಿ ಚೋಳರಿಂದ ಗೆದ್ದುಕೊಂಡ ವಿಷ್ಣುವರ್ಧನನು ‘ಶ್ರೀ ತಲಕಾಡುಗೊಂಡ’ ಎಂದು ಕನ್ನಡ ಅಕ್ಷರದಲ್ಲಿಯೇ ಹೊನ್ನು ಹೊಡೆಯಿಸಿದ. ಮನೆಯ ಹತ್ತಿರದ ಊರಿನ ಹೆಸರು ಒಂಬೈನೂರು ವರ್ಷದ ಚಿನ್ನದ ಮೇಲಿದೆ ಎಂದರೆ ಯಾರಿಗೆ ಬೇಡ? ಆದರೆ ಅದು ವಿರಳ, ಬೆಲೆಯೂ ಬಹಳ. ಬೆಲೆ ಇದ್ದ ಕಡೆ ನಕಲೂ ಇರುತ್ತದೆ. ಹೊಸಬರು ಅದನ್ನು ವಸ್ತುಸಂಗ್ರಹಾಲಯದ ಗಾಜಿನಾಚೆ ನೋಡಿ ಕಣ್ಣು ಪಳಗಿಸಿಕೊಳ್ಳುವುದು ಲೇಸು.

ಮೊದಲ ನಾಣ್ಯಕ್ಕೆ ನಾನು ಹೇಳುವುದು ಕಂಠೀರಾಯಿ ಹಣ. 1638ರಿಂದ 1659ರ ವರೆಗೆ ಶ್ರೀರಂಗಪಟ್ಟಣದಿಂದ ಆಳಿದ ಕಂಠೀರವ ನರಸರಾಜ ಒಡೆಯರು ಟಂಕಿಸಿದ ಚಿನ್ನದ ನಾಣ್ಯ ಇದು. ತೂಕ ಅರ್ಧ ಗ್ರಾಮಿಗೂ ಕಡಿಮೆ. ಬೆರಳ ತುದಿಯಲ್ಲಿ ಬೇಳೆಯ ಹಾಗೆ ಕೂರುತ್ತದೆ. ಒಂದು ಮುಖದಲ್ಲಿ ಕುಳಿತ ನರಸಿಂಹ. ಇನ್ನೊಂದರಲ್ಲಿ ಮೂರು ಸಾಲಿನ ನಾಗರಿ ಅಕ್ಷರಗಳಲ್ಲಿ ‘ಶ್ರೀ ಕಂಠೀರವ’. ಇಂಥ ಹತ್ತು ಹಣಕ್ಕೆ ಒಂದು ಕಂಠೀರಾಯಿ ವರಹ. ಆ ವರಹವಾದರೋ ಲೆಕ್ಕದ ಪುಸ್ತಕದಲ್ಲಿ ಮಾತ್ರ ಇತ್ತು. ಕೈಯಿಂದ ಕೈಗೆ ಓಡಾಡಿದ್ದು ಈ ಪುಟ್ಟ ಹಣವೇ. 1799ರ ತರುವಾಯ ದಿವಾನ್ ಪೂರ್ಣಯ್ಯನವರು ಇದೇ ಹಣವನ್ನು ಮತ್ತೆ ಹೊಡೆಯಿಸಿದರು. ಅವರದು ಗಿಡ್ಡ ಕಂಠೀರಾಯಿ. ಹಳೆಯದು ಅಗಲ ಕಂಠೀರಾಯಿ. ಇವೆರಡರ ಭೇದವನ್ನು ತಿಳಿಯುವುದೇ ಹೊಸಬರ ಮೊದಲ ಪಾಠವಾಗಬಹುದು.

ಅನಂತರ ಕೈ ಅನುಕೂಲವಾದಾಗ ವರಹಗಳ ಕಡೆ ಹೋಗಬಹುದು. ಇಕ್ಕೇರಿಯ ನಾಯಕರ ವರಹದಲ್ಲಿ ಶಿವಪಾರ್ವತಿಯರಿದ್ದಾರೆ. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ ಆ ಚಿತ್ರವನ್ನು ಹಾಗೆಯೇ ಉಳಿಸಿಕೊಂಡು, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರವೊಂದನ್ನು ಮಾತ್ರ ಇಟ್ಟ. ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರ ವರಹಕ್ಕೂ ಅದೇ ಶಿವಪಾರ್ವತಿಯರು ಬಂದರು. ಆಳುವವರು ಬದಲಾದರೂ ಜನ ನಂಬಿದ ನಾಣ್ಯದ ಮುಖ ಬದಲಾಗಲಿಲ್ಲ. ಹೀಗೆ ಮೂರು ವರಹಗಳನ್ನು ಒಂದರ ಪಕ್ಕ ಒಂದಿಟ್ಟರೆ ಚರಿತ್ರೆಯ ಒಂದು ಅಧ್ಯಾಯವೇ ತೆರೆಯುತ್ತದೆ.

ಕೊಳ್ಳುವಾಗ ಕೆಲವು ಎಚ್ಚರಗಳು ಬೇಕು. ನೂರು ವರ್ಷ ದಾಟಿದ ನಾಣ್ಯ 1972ರ ಕಾಯಿದೆಯ ಪ್ರಕಾರ ಪುರಾತನ ವಸ್ತು. ಅದನ್ನು ಮಾರುವ ವ್ಯಾಪಾರಿಗೆ ಪರವಾನಿಗೆ ಇರಬೇಕು. ಖಾಸಗಿಯವರು ಅದನ್ನು ಹೊರದೇಶಕ್ಕೆ ಕಳುಹಿಸುವಂತಿಲ್ಲ. ರಸೀತಿ ಇಲ್ಲದೆ ಕೊಳ್ಳಬೇಡಿ. ತೂಕವನ್ನು ತಪ್ಪದೆ ನೋಡಿಸಿ. ಅದೇ ಗಾತ್ರದ ಹಿತ್ತಾಳೆ ಚಿನ್ನದ ಅರ್ಧದಷ್ಟೂ ತೂಗುವುದಿಲ್ಲ. ತೂತು ಕೊರೆದದ್ದು, ಕೊಕ್ಕೆ ಬೆಸೆದು ತೆಗೆದದ್ದು ಸಂಗ್ರಹಕ್ಕೆ ಬೆಲೆ ಕಡಿಮೆ. ಕೊಂಡ ಮೇಲೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಒರೆಗಲ್ಲಿಗೂ ಕೊಡಬೇಡಿ. ಸವೆದ ಗೆರೆ ಮತ್ತೆ ಮೂಡುವುದಿಲ್ಲ. ಅಂಚನ್ನು ಹಿಡಿದು ಎತ್ತಿ. ಎಲ್ಲಿ, ಯಾವಾಗ, ಯಾರಿಂದ ಬಂತೆಂದು ಚೀಟಿ ಬರೆದಿಡಿ. ಓದಲು ಪುಸ್ತಕ ಬೇಕೆಂದರೆ, ಮೈಸೂರಿನ ವಿದ್ವಾಂಸರಾದ ಎ. ವಿ. ನರಸಿಂಹಮೂರ್ತಿಯವರು ಕರ್ನಾಟಕದ ನಾಣ್ಯಗಳ ಮೇಲೆ 1975ರಲ್ಲಿ ಪ್ರಕಟಿಸಿದ ಗ್ರಂಥವಿದೆ.

ಇನ್ನೊಂದು ಮಾತು. ಅಂಗಡಿಗೆ ಹೊರಡುವ ಮುಂಚೆ ಮನೆಯ ಪೆಟ್ಟಿಗೆಯನ್ನು ನೋಡಿ. ಅಜ್ಜಿಯ ಕಾಸಿನ ಸರದಲ್ಲಿ ಸವರನ್ನುಗಳು ಇರಬಹುದು. ಒಂದು ಸವರನ್ನಿನ ತೂಕ 7.988 ಗ್ರಾಂ, ಇಪ್ಪತ್ತೆರಡು ಕ್ಯಾರಟ್ಟಿನ ಚಿನ್ನ. ಕುದುರೆ ಏರಿದ ವೀರನ ಕೆಳಗೆ 1918 ಎಂದಿದ್ದು, ಇಸವಿಯ ಮೇಲಿನ ನೆಲದಲ್ಲಿ ಇಂಗ್ಲಿಷಿನ ‘ಐ’ ಅಕ್ಷರ ಕಂಡರೆ ಅದು ಬೊಂಬಾಯಿಯಲ್ಲಿ ಅಚ್ಚಾದದ್ದು. ಬ್ರಿಟಿಷರ ಕಾಲದಲ್ಲಿ ಸವರನ್ ಅಲ್ಲಿ ಅಚ್ಚಾದದ್ದು ಆ ಒಂದೇ ವರ್ಷದ ಇಸವಿಯಲ್ಲಿ. ಹಳೆಯ ಸರವನ್ನು ಕರಗಿಸಿ ಹೊಸ ನಮೂನೆ ಮಾಡಿಸುವ ಮುನ್ನ ಭೂತಗನ್ನಡಿ ಹಿಡಿದು ಒಮ್ಮೆ ನೋಡಿದರೆ ನಷ್ಟವೇನೂ ಇಲ್ಲ.

ಆ ಉಪಾಧ್ಯಾಯರು ಪೊಟ್ಟಣವನ್ನು ಪೋಲೀಸು ಠಾಣೆಗೆ ಒಪ್ಪಿಸಿದರು. ಕೊಟ್ಟವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಆರು ತಿಂಗಳ ಮೇಲೆ ಅವರು ತಿರುಗಿ ಬಂದರು, ಕೈಯಲ್ಲಿ ತಂಗಿಯ ಲಗ್ನಪತ್ರಿಕೆ. ಜೊತೆಗೆ ಒಂದು ಪುಟ್ಟ ಲಕೋಟೆ, ಒಳಗೆ ರಸೀತಿ ಸಹಿತ ಒಂದು ಕಂಠೀರಾಯಿ ಹಣ. ತಮ್ಮ ಸಂಬಳದಲ್ಲಿ ಉಳಿಸಿ ಕೊಂಡದ್ದು. ನಾನು ಕನ್ನಡಕಕ್ಕೆ ತಡಕಾಡುತ್ತಿದ್ದಂತೆಯೇ ಅವರು ಭೂತಗನ್ನಡಿಯನ್ನು ಹತ್ತಿರಕ್ಕೆ ಹಿಡಿದು ಓದಿ ಹೇಳಿದರು: “ಶ್ರೀ, ಕಂಠೀ, ರವ.”